ಪಟ್ಟಿಯಲ್ಲಿ ನಾನು ಎರಡು ಸಲ

ಕ್ಷಮಾಪಣೆ ಪತ್ರ ನನ್ನ ಕೈಗೆ ಬಂದಾಗ ಅದರಲ್ಲಿ ಸಹಿಯೊಂದನ್ನು ಬಿಟ್ಟು ಎಲ್ಲವೂ ಇತ್ತು. ಪೇಟೆಯಲ್ಲಿ ಟೈಪ್ ಮಾಡಿಸಿ ತಂದಿದ್ದರು. ನನ್ನ ಹೆಸರು, ಶಾಲೆಯ ಹೆಸರು, 'ನನ್ನ ದುಡುಕಿನಿಂದ ಅಧ್ಯಕ್ಷರ ಮಾನಕ್ಕೆ ಧಕ್ಕೆ ಆಗಿರುತ್ತದೆ' ಎಂಬ ಒಂದು ಸಾಲು, ತಳದಲ್ಲಿ ಸಹಿಗೊಂದು ಗೆರೆ. ಹೆಡ್‌ಮಾಸ್ತರರು ಪೆನ್ನಿನ ಮುಚ್ಚಳ ತೆಗೆದೇ ಕೊಟ್ಟರು. ನಾನು ಆ ಮುಚ್ಚಳ ಮತ್ತೆ ಹಾಕಿ ಪೆನ್ನನ್ನು ಅವರ ಮೇಜಿನ ಮೇಲಿಟ್ಟೆ.

"ಇದನ್ನ ನಾ ಬರದಿಲ್ರಿ ಸರ್."

"ನಿಮ್ಮ ಹೆಸರೈತಿ, ನಿಮ್ಮ ಫೋಟೋ ಐತಿ, ಊರ ಮಂದಿಯೆಲ್ಲಾ ಓದ್ಯಾರ. ಸುಮ್ಮನ ಒಂದು ಸಹಿ ಒಗೀರಿ, ಮುಗದ ಹೋಗತೈತಿ."

"ಮಾಡದ ತಪ್ಪಿಗೆ ಸಹಿ ಹಾಕೂ ರೂಢಿ ನಮ್ಮ ಮನ್ಯಾಗಿಲ್ರಿ."

ಗಜೇಂದ್ರಗಡದ ಅಂಚಿನ ಒಂದು ಸರಕಾರಿ ಪ್ರಾಥಮಿಕ ಶಾಲೆಯಲ್ಲಿ ನಾನು ಆಗ ಅತಿಥಿ ಶಿಕ್ಷಕಿ. ಅತಿಥಿ ಎಂಬ ಶಬ್ದ ಕೇಳಲು ಚೆಂದ. ಅತಿಥಿಯನ್ನು ಯಾವಾಗ ಬೇಕಾದರೂ ಎಬ್ಬಿಸಿ ಕಳಿಸಬಹುದು ಎಂಬುದು ಅದರ ಒಳಗಿನ ಮಾತು. ಪ್ರತಿ ಜೂನ್‌ನಲ್ಲಿ ನಮ್ಮನ್ನು ಹೊಸದಾಗಿ ಕರೆಯಬೇಕು. ಕರೆಯುವ ಮೊದಲು ಶಾಲೆಯ ಪಾಲಕರ ಸಮಿತಿಯವರು ಇವರು ಬೇಕೋ ಬೇಡವೋ ಎಂದು ಹೇಳಬೇಕು. ಆ ಸಮಿತಿಯ ಅಧ್ಯಕ್ಷರ ಮೇಲೆಯೇ ನನ್ನ ಹೆಸರಿನಲ್ಲಿ ಯಾರೋ ಬರೆದಿದ್ದರು. ಬರುವ ಸಭೆಯೊಳಗೆ ಸಹಿ ಆಗದಿದ್ದರೆ 'ಈ ಟೀಚರ್ ಬಾಯಿ ನಮಗ ಬ್ಯಾಡ' ಎಂದು ರೋಣದ ಶಿಕ್ಷಣ ಆಫೀಸಿಗೆ ಪತ್ರ ಹೋಗುತ್ತದೆ ಎಂದು ಹೆಡ್‌ಮಾಸ್ತರರು ತಿಳಿಸಿ ಹೇಳಿದರು. ಆರು ವರ್ಷ ಮಾಡಿದ ಕೆಲಸ ಅದು.

ಬರೆದದ್ದು ಇಷ್ಟು. ನಮ್ಮೂರಿನವರೆಲ್ಲ ಸೇರಿಕೊಂಡಿರುವ ಮೊಬೈಲಿನ ಗುಂಪೊಂದಿದೆ. ಎಮ್ಮೆ ಕಳೆದರೂ ಅಲ್ಲಿ ಹಾಕುತ್ತಾರೆ, ಮದುವೆ ಕಾರ್ಡನ್ನೂ ಅಲ್ಲೇ ಹಾಕುತ್ತಾರೆ. ಒಂದು ಗುರುವಾರ ಮಧ್ಯಾಹ್ನ ಮೂರೂ ನಲವತ್ತಕ್ಕೆ ಅದರಲ್ಲಿ ನನ್ನ ಹೆಸರಿನ, ನನ್ನ ಫೋಟೋದ ಹೊಸ ಖಾತೆಯೊಂದು ಕಾಣಿಸಿಕೊಂಡು ಬರೆಯಿತು: 'ನಮ್ಮ ಸಾಲಿ ಮಕ್ಕಳ ಹಾಲಿನ ಪುಡಿ ಪ್ರತಿ ಶನಿವಾರ ಹಿಂದಿನ ಬಾಗಲದಿಂದ ಅಧ್ಯಕ್ಷರ ಗಾಡಿ ಮ್ಯಾಲ ಹೊಕ್ಕೈತಿ. ಮಕ್ಕಳು ಬಿಳೇ ನೀರು ಕುಡಿಯಾಕ ಹತ್ತ್ಯಾವು. ಕೇಳಾವರು ಯಾರೂ ಇಲ್ಲ.' ಅಧ್ಯಕ್ಷರಿಗೆ ಬಸ್ ಸ್ಟ್ಯಾಂಡಿನ ಹತ್ತಿರ ಚಹಾದಂಗಡಿ ಇದೆ. ಹಾಗಾಗಿ ಪುಡಿ ಎಲ್ಲಿಗೆ ಹೋಗುತ್ತದೆ ಎಂದು ಬಿಡಿಸಿ ಬರೆಯುವ ಜರೂರಿ ಆ ಖಾತೆಗೆ ಬಿದ್ದಿರಲಿಲ್ಲ. ಸಂಜೆಯೊಳಗೆ ಊರೆಲ್ಲ ಓದಿ ನಕ್ಕಿತು.

ಕ್ಷಮಾಪಣೆ ಪತ್ರದ ಸುದ್ದಿಯನ್ನು ಮನೆಗೆ ಬಂದು ಹೇಳಿದೆ. ನಮ್ಮವರು ಸರಕಿನ ಆಟೋ ಹೊಡೆಯುತ್ತಾರೆ, ನೇಕಾರರ ಮನೆಗಳಿಂದ ಸೀರೆಯ ಗಂಟು ಅಂಗಡಿಗಳಿಗೆ ಮುಟ್ಟಿಸುತ್ತಾರೆ. ಎಲ್ಲರ ಜೊತೆಗೂ ಚಲೋ ಇರಬೇಕಾದ ಕೆಲಸ. "ಸಹಿ ಮಾಡಿ ಬಿಡು, ಏನ ಗಂಟ ಹೋಗತೈತಿ?" ಎಂದರು. ನನ್ನ ಅತ್ತೆ ಒಳಗಿನಿಂದಲೇ ಕೂಗಿದರು: "ನರಗುಂದದಾಕೀನ್ನ ಮಾಡ್ಕೊಂಡಿ, ಈಗ ಬಗ್ಗು ಅಂದ್ರ ಹ್ಯಾಂಗ ಬಗ್ಗತಾಳಪಾ? ಬಂಡಾಯದ ಊರು ಅದು!" ನನ್ನ ತವರನ್ನು ಅತ್ತೆ ಹಂಗಿಸಿದರೋ ಹೊಗಳಿದರೋ ಇವತ್ತಿಗೂ ನನಗೆ ಗೊತ್ತಾಗಿಲ್ಲ. ನಾನು ಮಾತ್ರ ಮರುದಿನ ರಜೆ ಹಾಕಿ ಠಾಣೆಗೆ ಹೋಗಿ ದೂರು ಕೊಟ್ಟೆ.

ಹೆಣ್ಣುಮಗಳು ಠಾಣೆಯ ಮೆಟ್ಟಿಲು ಹತ್ತಿದಳು ಎಂದು ಓಣಿಯಲ್ಲಿ ಪಿಸುಪಿಸು ಶುರುವಾಯಿತು. ಆಗಲಿ. ನಾನು ಕದ್ದು ಹೋಗಿರಲಿಲ್ಲ, ಹಾಡಹಗಲು ಕೊಡೆ ಹಿಡಿದುಕೊಂಡು ಹೋಗಿದ್ದೆ. ನನ್ನ ಹೆಸರನ್ನು ಯಾರೋ ಹಾಕಿಕೊಂಡು ತಿರುಗಿದ್ದಾರೆ, ಅವರನ್ನು ಹುಡುಕಿ ಕೊಡಿ ಎಂದೆ. ಅಲ್ಲಿನ ಹವಾಲ್ದಾರರು ನಿಧಾನದ ಮನುಷ್ಯ. ಕುರ್ಚಿ ಕೊಟ್ಟು ಕೂರಿಸಿ, ಎಲ್ಲ ಬರೆದುಕೊಂಡರು.

"ಅಕ್ಕಾರ, ಮಂದಿ ತಿಳ್ಕೊಂಡಂಗ ಇಲ್ರಿ ಇದು. ಸುಳ್ಳ ಹೆಸರು ಇಟ್ಕೊಳ್ಳೋದು ಹಗೂರ, ಅಡಗಿ ಕೂಡೋದು ಭಾಳ ತ್ರಾಸ. ಎಲ್ಲಿಂದ ಬರದಾರ, ಎಷ್ಟೊತ್ತಿಗೆ ಬರದಾರ, ಎಂಥಾ ಫೋನಿನ್ಯಾಗ ಬರದಾರ, ಎಲ್ಲಾ ಎಲ್ಲೋ ಒಂದ ಕಡೆ ಕುಂತಿರತೈತಿ. ಕೇಳಿದ್ರ ಬರತೈತಿ, ಒಂದೀಟ ತಡಾ ಆಕ್ಕೈತಿ, ಅಷ್ಟ."

ಸಮಾಧಾನವಾಯಿತು. ಬರಲಿ, ಸಭೆಯಲ್ಲಿ ಆ ಕಾಗದವನ್ನು ಅಧ್ಯಕ್ಷರ ಮುಂದೆ ಹರವುತ್ತೇನೆ ಎಂದುಕೊಂಡೆ. ಒಂದೂವರೆ ತಿಂಗಳಾದ ಮೇಲೆ, ಸಭೆಗೆ ಇನ್ನು ಹತ್ತು ದಿನ ಇರುವಾಗ, ಹವಾಲ್ದಾರರ ಫೋನ್ ಬಂತು. ಅವರ ದನಿ ಬದಲಾಗಿತ್ತು.

"ಅಕ್ಕಾರ, ಈ ಹೆಸರಿನ ಮನಶ್ಯಾ ನಿಮಗ ಗೊತ್ತೇನ್ರಿ?" ಎಂದು ಒಂದು ಹೆಸರು ಹೇಳಿದರು. "ಇವರನ್ನ ನಾಳೆ ಠಾಣಿಗೆ ಕರಕೊಂಡು ಬರ್ರಿ."

"ಅವರು ನಮ್ಮ ಮಾವನವರ್ರಿ. ತೀರಕೊಂಡು ಮೂರು ವರ್ಷ ಆತು. ಅವರನ್ನ ಕರಕೊಂಡು ಬರಬೇಕಂದ್ರ ನಾವ ಯಾರರ ಹೋಗಬೇಕಾಕ್ಕೈತಿ."

ಹವಾಲ್ದಾರರು ನಗಲಿಲ್ಲ. ಮರುದಿನ ಹೋದಾಗ ಕಾಗದ ತೋರಿಸಿದರು. ಆ ಖಾತೆ ತೆರೆದದ್ದು ನನ್ನದೇ ಮೇಲ್ ವಿಳಾಸದಿಂದ. ಬರೆದದ್ದು ನಮ್ಮದೇ ಮನೆಯ ಇಂಟರ್ನೆಟ್ ಲೈನಿನಿಂದ. ಆ ಲೈನು ಮಾವನವರು ಇದ್ದಾಗ ತಮ್ಮ ಹೆಸರಿನಲ್ಲಿ ಹಾಕಿಸಿದ್ದು, ನಾವು ಹಾಗೇ ಬಿಟ್ಟಿದ್ದೆವು. ನಳದ ಕಾಗದ, ಕರೆಂಟಿನ ಕಾಗದ ಎಲ್ಲವೂ ಇನ್ನೂ ಅವರ ಹೆಸರಿನಲ್ಲೇ ಬರುತ್ತವೆ, ಅತ್ತೆ ಬದಲಿಸಲು ಬಿಡುವುದಿಲ್ಲ. ಫೋನು ಯಾವುದು ಎಂದೂ ಕಾಗದದಲ್ಲಿತ್ತು: ಒಂದು ಕಂಪನಿಯ ಹಳೆಯ ಮಾದರಿ. ಅಂಥದ್ದು ನನ್ನ ಹತ್ತಿರವೂ ಒಂದು ಕಾಲಕ್ಕೆ ಇತ್ತು ಎಂದು ನೆನಪಾಯಿತು.

"ಮೇಲ್ ನಿಮ್ಮದು, ಮನಿ ನಿಮ್ಮದು. ಮತ್ತ ದೂರೂ ನೀವ ಕೊಟ್ಟೀರಿ," ಎಂದು ಹವಾಲ್ದಾರರು ನನ್ನ ಮುಖ ನೋಡಿದರು. "ನನಗೇನೂ ತಿಳೀವಲ್ದು."

ನನಗೆ ತಿಳಿಯುತ್ತಿತ್ತೇ? ಗುರುವಾರ ಮೂರೂ ನಲವತ್ತಕ್ಕೆ ನಾನು ನಾಲ್ಕನೆಯ ತರಗತಿಗೆ ಭಾಗಾಕಾರ ಹೇಳಿಕೊಡುತ್ತಿದ್ದೆ, ನನ್ನ ಫೋನು ನನ್ನ ಚೀಲದಲ್ಲಿತ್ತು. ಹಾಜರಿ ಪುಸ್ತಕವನ್ನೇ ಹೆಡ್‌ಮಾಸ್ತರರ ಮುಂದೆ ಇಟ್ಟೆ. ಅವರಿಗೆ ಠಾಣೆಯ ಕಾಗದದ ಸುದ್ದಿ ಆಗಲೇ ಮುಟ್ಟಿತ್ತು. "ಹಾಜರಿ ನಿಮ್ಮದೈತಿ, ಒಪ್ಪಿದೆ. ಮನ್ಯಾಗ ನಿಮ್ಮ ಯಜಮಾನ್ರ ಕೈಲೆ ಬರಿಸಿರಬಹುದಲ್ರಿ?" ಎಂದರು. ನಮ್ಮವರಿಗೆ ಒಂದು ಸಾಲು ಬರೆಯಬೇಕಾದರೆ ಅರ್ಧ ದಿನ ಬೇಕು, ಅದನ್ನು ಇವರಿಗೆ ಯಾರು ಹೇಳಬೇಕು! ಸ್ಟಾಫ್‌ರೂಮಿನಲ್ಲಿ ಅಂದಿನಿಂದ ನಾನು ಒಳಗೆ ಹೋದರೆ ಮಾತು ನಿಲ್ಲುತ್ತಿತ್ತು. ಆದರೂ ಅವರ ಮುಂದೆ ಕಣ್ಣೀರು ಹಾಕಲಿಲ್ಲ, ಮನೆಗೆ ಬಂದು ಬಚ್ಚಲಲ್ಲಿ ಅತ್ತುಬಿಟ್ಟೆ.

ಆಮೇಲೆ ಮುಖ ತೊಳೆದುಕೊಂಡು ನಮ್ಮ ಲೈನಿನವನ ಅಂಗಡಿಗೆ ಹೋದೆ. ಮೊದಲು ಟಿವಿಯ ಕೇಬಲ್ ಎಳೆಯುತ್ತಿದ್ದ, ಈಗ ಇಂಟರ್ನೆಟ್ ಕೊಡುತ್ತಾನೆ, ಊರಿಗೆ ಇನ್ನೂ ಕೇಬಲಿನವನೇ. ಅವನ ಮಗಳು ನನ್ನ ತರಗತಿಯಲ್ಲಿದ್ದಳು. ಹೋದವಳೇ ಜಗಳಕ್ಕೇ ನಿಂತೆ.

"ನನ್ನ ಮನಿ ಹೆಸರು ಪೊಲೀಸರಿಗೆ ಹ್ಯಾಂಗ ಕೊಟ್ಟೆಪಾ ನೀನು?"

"ಸಿಟ್ಟಾಗಬ್ಯಾಡ್ರಿ ಅಕ್ಕಾರ, ಕೂಡ್ರಿ. ಅವರು ಒಂದು ನಂಬರು, ಒಂದು ವ್ಯಾಳ್ಯಾ ಕೊಡತಾರ. ಆ ವ್ಯಾಳ್ಯಾಕ್ಕ ಆ ನಂಬರು ಯಾವ ಮನ್ಯಾಗಿತ್ತು ಅನ್ನೋದು ನಮ್ಮಲ್ಲಿ ತಾನ ದಾಖಲಾಗಿರತೈತಿ. ಕೇಳಿದ್ರ ಕೊಡಬೇಕು, ಕೊಟ್ಟೆ. ಆದ್ರ ಒಂದು ಮಾತು ಹೇಳತೇನಿ. ನಮ್ಮ ದಾಖಲೆದಾಗ ಮನಿ ಇರತೈತ್ರಿ, ಮನಶ್ಯಾ ಇರಂಗಿಲ್ಲ. ನಿಮ್ಮ ವೈಫೈ ಡಬ್ಬಿಗೆ ಯಾರ್ಯಾರು ಹತ್ತ್ಯಾರ ಅದನ್ನ ಮೊದಲ ನೋಡ್ರಿ."

ಯಾರ್ಯಾರು ಹತ್ತಿದ್ದಾರೆ! ಈ ಪ್ರಶ್ನೆಗೆ ಉತ್ತರ ನಮ್ಮ ಅತ್ತೆಯ ಹತ್ತಿರ ಇತ್ತು. ನಮ್ಮ ಓಣಿಯಲ್ಲಿ ಕೇಳಿದವರಿಗೆ ಇಲ್ಲ ಎನ್ನುವ ವಾಡಿಕೆ ಇಲ್ಲ. ಮೊಸರಿಗೆ ಹೆಪ್ಪು ಕೇಳಿದರೆ ಕೊಡುತ್ತೇವೆ, ಬಿತ್ತುವಾಗ ಹಗ್ಗ ಕೇಳಿದರೆ ಕೊಡುತ್ತೇವೆ. ಅತ್ತೆ ವೈಫೈಯನ್ನೂ ಅದೇ ಸಾಲಿಗೆ ಸೇರಿಸಿದ್ದರು. ದೀಪ ಹಚ್ಚಿದ ಮೇಲೆ ಹೆಪ್ಪು, ಉಪ್ಪು ಹೊರಗೆ ಕೊಡದ ಹೆಂಗಸು ಪಾಸ್‌ವರ್ಡನ್ನು ಮಾತ್ರ ಯಾವ ಹೊತ್ತಿಗಾದರೂ ಕೊಡುತ್ತಿದ್ದರು. ಒಂದರಿಂದ ಎಂಟರವರೆಗೆ ಅಂಕಿ, ಅವರಿಗೆ ನೆನಪಿಡಲು ಸಲೀಸು. ಡಬ್ಬಿ ದೇವರ ಮಾಡದ ಪಕ್ಕದಲ್ಲೇ ಇದೆ, ಮಹಾನವಮಿಗೆ ಅದಕ್ಕೂ ಕುಂಕುಮ ಹಚ್ಚಿದ್ದಾರೆ.

"ಅತ್ತೀ, ಯಾರ್ಯಾರಿಗೆ ಕೊಟ್ಟೀರಿ ಹೇಳ್ರಿ."

"ಯಾರಿಗೆ ಕೊಟ್ಟಿಲ್ಲ ಅಂತ ಕೇಳು, ಲಗೂನ ಹೇಳತೇನಿ," ಎಂದರು ಅತ್ತೆ, ಕೊಂಚವೂ ಅಳುಕದೆ. "ಹುಡುಗ್ರು ಪಾಠ ನೋಡತಾವು ಅಂತಾರ, ದುಡಿಯಾಕ ಗೋವಾಕ್ಕ ಹೋದ ಗಂಡನ ಮಾರಿ ನೋಡಬೇಕು ಅಂತಾರ. ಇಲ್ಲ ಅನ್ನಲೇನು? ಗ್ವಾಡಿ ದಾಟಿ ತಾನ ಹೊಕ್ಕೈತಿ, ನಮ್ಮದೇನ ಸವೀತೈತಿ?"

ಸವೆದದ್ದು ಏನೆಂದು ಅವರಿಗೆ ಹೇಗೆ ಹೇಳಲಿ? ಮರುದಿನ ಭಾನುವಾರ ಕೇಬಲಿನವನು ಲ್ಯಾಪ್‌ಟಾಪ್ ತಂದು ಪಡಸಾಲೆಯಲ್ಲಿ ಕುಳಿತ. ಅತ್ತೆ ಅವನಿಗೆ ಒಗ್ಗರಣೆ ಅವಲಕ್ಕಿ ಕೊಟ್ಟರು. ಒಂದು ಕೈಯಲ್ಲಿ ತಿನ್ನುತ್ತ, ಇನ್ನೊಂದು ಕೈಯಲ್ಲಿ ಡಬ್ಬಿಯ ಒಳಗಿನ ಪಟ್ಟಿ ತೆಗೆದು ತೋರಿಸಿದ. ಹತ್ತಿದ ಪ್ರತಿ ಫೋನಿಗೂ ಅದರದೇ ಆದ ಗುರುತು ಇರುತ್ತದಂತೆ, ಮಾಲಕರು ಇಟ್ಟ ಹೆಸರೂ ಕಾಣುತ್ತದಂತೆ. ಹದಿನಾಲ್ಕು ಫೋನುಗಳಿದ್ದವು. ನಮ್ಮ ಮನೆಯಲ್ಲಿರುವುದು ಎರಡು! ಬಹಳಷ್ಟಕ್ಕೆ ಬರೀ ಕಂಪನಿಯ ಹೆಸರಿತ್ತು. ಕೆಳಗೆ ಕೆಳಗೆ ಬರುತ್ತ ನನ್ನ ಹೆಸರು ಕಾಣಿಸಿತು, ಅದು ನನ್ನ ಕೈಯಲ್ಲಿದ್ದ ಫೋನು. ಇನ್ನೂ ಮೂರು ಸಾಲು ಕೆಳಗೆ ಮತ್ತೊಮ್ಮೆ ನನ್ನ ಹೆಸರು.

"ಅಕ್ಕಾರ, ನೀವು ಇದರಾಗ ಎರಡು ಸಲ ಅದೀರಲ್ರಿ," ಎಂದ ಕೇಬಲಿನವನು. "ಕಾಗದದಾಗ ಬರದ ಮಾದರಿ ಇದ ಐತಿ, ಕೆಳಗಿಂದು."

ನನಗೆ ಆ ಕ್ಷಣವೇ ಗೊತ್ತಾಯಿತು. ಗೊತ್ತಾಗದೆ ಏನು, ಆ ಫೋನನ್ನು ನಾನೇ ನನ್ನ ಕೈಯಾರೆ ಕೊಟ್ಟಿದ್ದೆ. ಹೋದ ನಾಗರ ಪಂಚಮಿಗೆ ಹೊಸ ಫೋನು ಕೊಂಡಾಗ, ಗಾಜು ಸೀಳಿದ್ದ ಹಳೆಯದನ್ನು ನಮ್ಮ ಹಿತ್ತಲಿನ ಹಿಂದಿನ ಮನೆಯವಳಿಗೆ ಕೊಟ್ಟಿದ್ದೆ. ಹಳೆಯ ಸೀರೆ ಕೊಡುವಾಗ ಸೆರಗಿನ ಗಂಟು ಬಿಚ್ಚಿ ನೋಡಿ ಕೊಡುತ್ತೇವೆ. ಫೋನು ಕೊಡುವಾಗ ಮಾತ್ರ ಹಾಗೇ ಕೊಟ್ಟುಬಿಟ್ಟಿದ್ದೆ, ನನ್ನ ಹೆಸರು, ನನ್ನ ಮೇಲ್, ನನ್ನ ಫೋಟೋ ಸಮೇತ. ಅಕ್ಷರ ಕಲಿಸುವವಳ ಬುದ್ಧಿ ಇದು! ಹಿಂದಿನ ಮನೆಯವಳು ಬೇರೆ ಯಾರೂ ಅಲ್ಲ, ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ಓಣಿಯ ಸಲುಗೆಯಲ್ಲಿ ನಾನು ಆಕೆಯನ್ನು ವೈನಿ, ಎಂದರೆ ಅತ್ತಿಗೆ, ಎನ್ನುತ್ತೇನೆ. ಗುರುವಾರ ಮೂರು ಗಂಟೆಗೆ ಪಾತ್ರೆ ತಿಕ್ಕಿಟ್ಟು ಆಕೆ ಮನೆಗೆ ಬಂದಿರುತ್ತಾಳೆ.

ಕೇಬಲಿನವನಿಗೆ "ತಿಳೀತಪಾ, ಉಪಕಾರ ಆತು" ಎಂದಷ್ಟೇ ಹೇಳಿ ಕಳಿಸಿ, ನೇರ ಹಿಂದಿನ ಮನೆಗೆ ಹೋದೆ. ವೈನಿ ರೊಟ್ಟಿ ಬಡಿಯುತ್ತಿದ್ದಳು. ಒಲೆಯ ಪಕ್ಕದಲ್ಲಿ, ಹಿಟ್ಟು ಮೆತ್ತಿದ ಆ ಫೋನು ಬಿದ್ದಿತ್ತು. ನಾನು ಅದನ್ನು ಎತ್ತಿಕೊಂಡೆ. ಆಕೆಯ ಕೈ ನಿಂತಿತು.

"ವೈನಿ, ಇದೇನ ಮಾಡಿದಿ ನೀನು? ನನ್ನ ಅನ್ನದ ಮ್ಯಾಲ ಮಣ್ಣ ಹಾಕಿದೆಲ್ಲ!"

ಆಕೆ ಇಲ್ಲ ಎನ್ನಲಿಲ್ಲ. ಬೇಡಿಕೊಳ್ಳಲೂ ಇಲ್ಲ. ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ ಹೇಳಿದಳು: "ನಾ ಅಂದ್ರ ಯಾರ ಕೇಳತಾರ್ರಿ ಅಕ್ಕಾರ? ಅಡಿಗಿ ಮಾಡಾಕಿ ಹೊಟ್ಟಿಕಿಚ್ಚಿಗೆ ಅಂದ್ಳು ಅಂತಾರ, ಮರದಿವಸ ಮನಿಗೆ ಕಳಸತಾರ. ನೀವಂದ್ರ ಕೇಳತಾರ ಅಂತ ತಿಳ್ಕೊಂಡೆ. ನಿಮಗ ಇಷ್ಟ ತ್ರಾಸ ಆಕ್ಕೈತಿ ಅಂತ ಗೊತ್ತಿರಲಿಲ್ರಿ, ದೇವರಾಣಿ."

"ಹಂಗಾದ್ರ ನನಗ ಬಂದು ಹೇಳಬಾರದಿತ್ತೇನ?"

"ಹೇಳಿದ್ದೆಲ್ರೀ. ಎರಡು ಸಲ ಹೇಳಿದ್ದೆ. ಹಾಲು ತೆಳ್ಳಗ ಆಗಾಕ ಹತ್ತೈತ್ರಿ ಅಂದ್ರ, 'ಇರ್ಲಿ ಬಿಡು ವೈನಿ, ನಮಗ್ಯಾಕ' ಅಂದ್ರಿ."

ಖರೇ ಮಾತದು. ಹೇಳಿದ್ದಳು, ನಾನು ಹಾಗೇ ಅಂದಿದ್ದೆ. ಮಕ್ಕಳ ಲೋಟದಲ್ಲಿ ಹಾಲು ದಿನದಿಂದ ದಿನಕ್ಕೆ ನೀರಾಗುತ್ತಿದ್ದುದನ್ನು ನಾನು ನನ್ನ ಕಣ್ಣಾರೆ ಕಂಡಿದ್ದೆ. ನಮ್ಮ ಸ್ಟಾಫ್‌ರೂಮಿನ ಚಹಾ ಮಾತ್ರ ಗಟ್ಟಿಯಾಗೇ ಇರುತ್ತಿತ್ತು, ಅದನ್ನೂ ದಿನಾ ಎರಡು ಸಲ ಕುಡಿದಿದ್ದೆ. ನರಗುಂದದವಳು, ಬಂಡಾಯದ ಊರಿನವಳು ಎಂದು ಮನೆಯಲ್ಲಿ ಮೀಸೆ ತಿರುವುವ ನಾನು, ಜೂನ್‌ನಲ್ಲಿ ಮತ್ತೆ ಕರೆಯಲಿ ಎಂಬ ಆಸೆಗೆ ಆರು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ನಾಚಿಕೆಯಾಯಿತು ನನಗೆ. ಸಿಟ್ಟು ಇಳಿಯಿತು ಎಂದಲ್ಲ, ಅದು ಆಕೆಯ ಮೇಲಿಂದ ಎದ್ದು ಬೇರೆ ಕಡೆ ಹೋಯಿತು.

"ನಾನ ಬಂದು ಎಲ್ಲಾರ ಮುಂದ ಒಪ್ಕೋತೇನಿ ಬಿಡ್ರಿ," ಎಂದಳು ವೈನಿ. "ನಿಮ್ಮ ಕೆಲಸ ಉಳೀಲಿ."

"ಏನೂ ಬ್ಯಾಡ. ರೊಟ್ಟಿ ಹೊತ್ತತೈತಿ ನೋಡು," ಎಂದು ಎದ್ದುಬಂದೆ.

ಸೋಮವಾರ ಠಾಣೆಗೆ ಹೋಗಿ ದೂರು ಹಿಂದೆ ತೆಗೆದುಕೊಳ್ಳುತ್ತೇನೆ ಎಂದು ಬರೆದುಕೊಟ್ಟೆ. ಹವಾಲ್ದಾರರು ಕನ್ನಡಕದ ಮೇಲಿಂದ ನೋಡಿದರು.

"ಯಾರು ಅಂತ ಗೊತ್ತಾತೇನ್ರಿ?"

"ಗೊತ್ತಾತ್ರಿ. ನೀವಂದದ್ದು ಖರೇ, ಅಡಗಿ ಕೂಡಾಕ ಆಗಂಗಿಲ್ಲ."

"ಮತ್ತ ಹೆಸರು ಹೇಳಂಗಿಲ್ಲೇನು?"

"ಇಲ್ರಿ."

ಹವಾಲ್ದಾರರು ನಾನು ಬರೆದುಕೊಟ್ಟದ್ದನ್ನು ಫೈಲಿಗೆ ಸೇರಿಸಿ, "ನಿಮ್ಮ ಡಬ್ಬಿಯ ಪಾಸ್‌ವರ್ಡರೆ ಬದಲಿ ಮಾಡ್ರಿ ತಾಯಿ," ಎಂದು ಕೈ ಮುಗಿದರು. ಹೆಸರು ಹೇಳಿದ್ದರೆ ನನ್ನ ಕೆಲಸ ಉಳಿಯುತ್ತಿತ್ತು ಎಂದು ನಮ್ಮವರು ಆ ವಾರವೆಲ್ಲ ಗೊಣಗಿದರು. ವೈನಿಯ ಹೆಸರು ಕೊಟ್ಟು ನಾನು ಉಳಿದುಕೊಂಡರೆ, ಮುಂದೆ ಆ ಮಕ್ಕಳ ಲೋಟಕ್ಕೆ ಹಾಲು ಹಾಕುವಾಗ ಯಾವ ಮುಖ ಇಟ್ಟುಕೊಂಡು ನಿಲ್ಲಲಿ? ನನಗೆ ಅದು ಆಗುವುದಿಲ್ಲ ಎಂದು ಅವರಿಗೆ ಕಡ್ಡಿ ಮುರಿದಂತೆ ಹೇಳಿದೆ.

ಶನಿವಾರ ಬೆಳಿಗ್ಗೆ ಸಭೆ. ಐದನೆಯ ತರಗತಿಯ ಕೋಣೆಯಲ್ಲಿ ಬೆಂಚು ಸರಿಸಿ ಕುರ್ಚಿ ಹಾಕಿದ್ದರು. ಅಧ್ಯಕ್ಷರು ಇಸ್ತ್ರಿಯ ಬಿಳಿ ಅಂಗಿ ಹಾಕಿಕೊಂಡು ನಡುವೆ ಕುಳಿತಿದ್ದರು. ಏಳೆಂಟು ಪಾಲಕರು ಬಂದಿದ್ದರು, ಅವರಲ್ಲಿ ಮೂವರು ತಾಯಂದಿರು. ಹೆಡ್‌ಮಾಸ್ತರರು ಅದೇ ಟೈಪ್ ಮಾಡಿದ ಪತ್ರ ತೆಗೆದು, ಈ ಸಲವೂ ಪೆನ್ನಿನ ಮುಚ್ಚಳ ತೆಗೆದೇ ಕೊಟ್ಟರು.

"ಎಲ್ಲಾ ಪುರಾವೆ ನಿಮ್ಮ ಮನಿಗೆ ಬಂದು ನಿಂತೈತಿ ಅಂತ ಕೇಳೇವಿ ಬಾಯಾರ," ಎಂದರು ಅಧ್ಯಕ್ಷರು. "ನಾ ದೊಡ್ಡದು ಮಾಡಂಗಿಲ್ಲ. ಹೆಣ್ಮಗಳು ಅದೀರಿ. ಸಹಿ ಮಾಡಿ ಹೋಗ್ರಿ."

ನಾನು ಪೆನ್ನು ತೆಗೆದುಕೊಂಡೆ. ಹೆಡ್‌ಮಾಸ್ತರರು ಉಸ್ಸೆಂದರು. ಪತ್ರವನ್ನು ಮೇಜಿನ ಮೇಲಿಟ್ಟು, ಮಗುಚಿ, ಖಾಲಿ ಇದ್ದ ಹಿಂಬದಿಯಲ್ಲಿ ಬರೆಯತೊಡಗಿದೆ. ಬೋರ್ಡಿನ ಮೇಲೆ ಬರೆಯುವಷ್ಟು ದೊಡ್ಡ ಅಕ್ಷರದಲ್ಲಿ ಬರೆದೆ. ಮಕ್ಕಳಿಗೆ ಕೊಡುವ ಹಾಲು ನೀರಾಗಿದೆ, ನಾನು ಕಣ್ಣಾರೆ ನೋಡಿದ್ದೇನೆ, ನೋಡಿಯೂ ಸುಮ್ಮನಿದ್ದದ್ದು ನನ್ನ ತಪ್ಪು. ಶನಿವಾರ ಹಿಂದಿನ ಬಾಗಿಲಿನಿಂದ ಪುಡಿ ಹೋಗುತ್ತದೆ ಎಂಬ ಮಾತಿದೆ, ಅದು ಸುಳ್ಳಾಗಿದ್ದರೆ ಈಗಲೇ ಕೋಣೆ ತೆರೆದು ಎಲ್ಲರ ಎದುರು ಪುಡಿ ತೂಗಿರಿ. ಕೆಳಗೆ ನನ್ನ ಪೂರ್ತಿ ಹೆಸರು, ತಂದೆಯ ಹೆಸರು, ಊರು ನರಗುಂದ, ಸದ್ಯ ಗಜೇಂದ್ರಗಡ ಎಂದೂ ಹಾಕಿ ಸಹಿ ಮಾಡಿದೆ. ಎದ್ದು ನಿಂತು ಅದನ್ನು ಗಟ್ಟಿಯಾಗಿ ಓದಿದೆ.

ಅಧ್ಯಕ್ಷರ ಮುಖ ಕೆಂಪಾಯಿತು. "ನೋಡ್ರೆಪಾ, ನೋಡ್ರಿ! ಅವತ್ತ ಬರದಾಕಿನೂ ಇಕೀನ!"

"ಅವತ್ತ ಬರದಾಕಿ ನಾನಲ್ರಿ," ಎಂದೆ. "ಇವತ್ತ ಬರದಾಕಿ ನಾನು. ಇದನ್ನ ಹುಡಕಾಕ ನೀವು ಯಾರನ್ನೂ ಕೇಳೂದು ಬ್ಯಾಡ, ಹೆಸರು, ಊರು, ಎಲ್ಲಾ ಬರದೇನಿ."

ಆಗ ವೈನಿ ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ತಟ್ಟೆಯನ್ನು ಬೆಂಚಿನ ಮೇಲಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಮೇಜಿನವರೆಗೆ ಬಂದಳು. ನಾನು ಕಣ್ಣಿನಲ್ಲೇ ಬೇಡ ಎಂದೆ. ಆಕೆ ನನ್ನ ಕಡೆ ನೋಡಲೇ ಇಲ್ಲ.

"ಆ ಪೆನ್ನ ಇಲ್ಲಿ ಕೊಡ್ರಿ ಅಕ್ಕಾರ," ಎಂದಳು. "ಪುಡಿ ಕೋಣೀ ಕೀಲಿ ನನ್ನ ಹಂತ್ಯಾಕ ಐತಿ. ಅವತ್ತ ಬರದಾಕಿ ನಾನು."

ಆ ದಿನ ಪುಡಿ ತೂಗಿದರು. ತಾಯಂದಿರು ಮೂವರೂ ತಕ್ಕಡಿಯ ಹತ್ತಿರದಿಂದ ಏಳಲಿಲ್ಲ. ಪುಡಿ ಎಷ್ಟು ಕಡಿಮೆ ಬಂತು ಎಂದು ಊರಿಗೆ ಗೊತ್ತಿದೆ, ನಾನು ಮತ್ತೆ ಹೇಳುವುದಿಲ್ಲ. ಅಧ್ಯಕ್ಷರನ್ನು ಬದಲಿಸಿದರು. ಕೆಲವರು ವೈನಿಯನ್ನು ಕೆಲಸದಿಂದ ತೆಗೆಯಲು ನೋಡಿದರು, ತಾಯಂದಿರು ಬಿಡಲಿಲ್ಲ. ಜೂನ್‌ನಲ್ಲಿ ನನ್ನನ್ನು ಮಾತ್ರ ಕರೆಯಲಿಲ್ಲ, ಜಗಳಗಂಟಿ ಎಂಬ ಹೆಸರು ನನಗಿಂತ ಮೊದಲು ರೋಣ ಮುಟ್ಟಿತ್ತು. ಮುಟ್ಟಲಿ. ಈಗ ಮನೆಯ ಪಡಸಾಲೆಯಲ್ಲೇ ಮಕ್ಕಳಿಗೆ ಪಾಠ ಹೇಳುತ್ತೇನೆ. ವೈಫೈ ಡಬ್ಬಿಯ ಪಾಸ್‌ವರ್ಡ್ ಬದಲಿಸಿದ್ದೇನೆ, ಅತ್ತೆ ಅದನ್ನೂ ಓಣಿಗೆಲ್ಲ ಹೇಳಿಯಾಗಿದೆ.

ಸಭೆಯಲ್ಲಿ ಬರೆದ ಆ ಹಾಳೆಯ ಝೆರಾಕ್ಸ್ ನನ್ನ ಪೆಟ್ಟಿಗೆಯಲ್ಲಿದೆ. ಆಗಾಗ ತೆಗೆದು ನೋಡುತ್ತೇನೆ. ಮೇಲೆ ನನ್ನ ಹೆಸರು, ಅದರ ಕೆಳಗೆ ವೈನಿಯ ಹೆಸರು. ಸಹಿ ಮಾಡುವಾಗ ಆಕೆ ಪೆನ್ನನ್ನು ಎಷ್ಟು ಒತ್ತಿ ಹಿಡಿದಿದ್ದಳೆಂದರೆ, ಮೂಲ ಹಾಳೆಯ ಆಚೆ ಬದಿಯಲ್ಲಿ ಟೈಪ್ ಮಾಡಿದ್ದ ಕ್ಷಮಾಪಣೆಯ ಮೇಲೂ ಆಕೆಯ ಹೆಸರು ಉಬ್ಬಿ ಮೂಡಿತ್ತು.